ತೋಟದ ಡ್ರೋನ್: ‘40 ಮೀಟರ್ ಕೊಟ್ಟಿದ್ದೆ, ಆದರೂ ಮರಕ್ಕೆ ಬಡಿಯಿತು’

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ಹಾರಾಟ ನಿಯಂತ್ರಿಸುವ ಪಿಕ್ಸ್‌ಹಾಕ್ ಬೋರ್ಡ್, ಅದರಲ್ಲಿ ಆರ್ಡುಪೈಲಟ್ ಎಂಬ ತಂತ್ರಾಂಶ ಇರುವ ಡ್ರೋನ್. ಹಾರುವ ದಾರಿ ಹಾಕುವ ಲ್ಯಾಪ್‌ಟಾಪ್ ತಂತ್ರಾಂಶ ಮಿಷನ್ ಪ್ಲಾನರ್‌ನಲ್ಲಿ 40 ಮೀಟರ್ ಎತ್ತರ ಕೊಟ್ಟಿದ್ದರೂ ಮೇಲಿನ ಬ್ಲಾಕ್‌ನ ಸಿಲ್ವರ್ ಓಕ್‌ಗೆ ಬಡಿಯಿತು. ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಬ್ಯಾರೋಮೀಟರ್ ಕೆಟ್ಟಿದೆ, ಬೋರ್ಡ್ ಬದಲಿಸಿ ಎನ್ನುತ್ತಾರೆ ರಿಪೇರಿಯವರು.

ಬೋರ್ಡ್ ಬದಲಿಸಬೇಡಿ. ಸಕಲೇಶಪುರ, ಆಲ್ದೂರು ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತಲೇ ಇದೆ, ಸರಿಯಿರುವ ಬೋರ್ಡ್ ಕಿತ್ತು ಹೊಸದು ಮಾರುವವರೂ ಕಡಿಮೆಯಾಗಿಲ್ಲ. ಆ 40 ಮೀಟರ್ ಲೆಕ್ಕ ಡ್ರೋನ್ ಮೇಲೆದ್ದ ಜಾಗದಿಂದ. ಅದರ ಕೆಳಗಿರುವ ನೆಲದಿಂದಲ್ಲ. ಸಮತಟ್ಟಾಗಿದೆಯೆಂದು ಎಲ್ಲರೂ ಕಾಫಿ ಕಣದಿಂದಲೇ ಹಾರಿಸುತ್ತಾರೆ. ಮೇಲಿನ ಬ್ಲಾಕ್ ಕಣಕ್ಕಿಂತ 30 ಮೀಟರ್ ಎತ್ತರದಲ್ಲಿದ್ದರೆ ಅಲ್ಲಿ ಉಳಿಯುವುದು 10 ಮೀಟರ್. ಮೆಣಸು ಹಬ್ಬಿಸಿದ ಹಳೆಯ ಸಿಲ್ವರ್ ಓಕ್ 25 ಮೀಟರ್ ದಾಟಿರುತ್ತದೆ.

ಪ್ಲಾನ್ ಪುಟದಲ್ಲಿ ಎತ್ತರದ ಬಗೆಯನ್ನು ‘ರಿಲೇಟಿವ್’ (ಮೇಲೆದ್ದ ಜಾಗದಿಂದ ಲೆಕ್ಕ) ಬಿಟ್ಟು ‘ಟೆರೇನ್’ಗೆ (ಕೆಳಗಿನ ನೆಲದಿಂದ ಲೆಕ್ಕ) ಬದಲಿಸಿ. ಬೋರ್ಡ್‌ನ ಸೆಟ್ಟಿಂಗ್‌ಗಳಲ್ಲಿ ಟೆರೇನ್_ಎನೇಬಲ್ 1 ಇರಲಿ, ಬೋರ್ಡ್‌ನಲ್ಲಿ ಎಸ್‌ಡಿ ಕಾರ್ಡ್ ಇರಲೇಬೇಕು. ನೆಲದ ಎತ್ತರದ ಮಾಹಿತಿ ಇಂಟರ್ನೆಟ್‌ನಿಂದ ಲ್ಯಾಪ್‌ಟಾಪ್‌ಗೆ, ಅಲ್ಲಿಂದ ಟೆಲಿಮೆಟ್ರಿ, ಅಂದರೆ ಡ್ರೋನ್ ಜೊತೆಗಿನ ರೇಡಿಯೊ ಕೊಂಡಿ, ಮೂಲಕ ಕಾರ್ಡ್‌ಗೆ ಹೋಗುತ್ತದೆ. ಕಣಿವೆಯ ತೋಟದಲ್ಲಿ ನೆಟ್‌ವರ್ಕ್ ಎಲ್ಲಿದೆ? ಆರ್ಡುಪೈಲಟ್‌ನವರ ಟೆರೇನ್ ಜಾಲತಾಣದಿಂದ ನಿಮ್ಮ ಪ್ರದೇಶದ ಫೈಲ್ ಇಳಿಸಿ, ಕಾರ್ಡ್‌ನ ಎಪಿಎಂ ಫೋಲ್ಡರ್ ಒಳಗಿನ ಟೆರೇನ್ ಫೋಲ್ಡರ್‌ಗೆ ಊರಲ್ಲೇ ಹಾಕಿಕೊಂಡು ಹೋಗಿ.

ಆದರೆ ಆ ನಕ್ಷೆಯನ್ನು ಪೂರ್ತಿ ನಂಬಬೇಡಿ. ಅದರ ಮೂಲ 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಮಾಡಿದ ರೇಡಾರ್ ಅಳತೆ. ದಟ್ಟ ನೆರಳಿನ ತೋಟದಲ್ಲಿ ರೇಡಾರ್ ನೆಲದವರೆಗೆ ಇಳಿಯದೆ ಮರಗಳ ನಡುವೆಲ್ಲೋ ನಿಂತಿರುತ್ತದೆ. ಆಮೇಲೆ ಬೆಳೆದ ಮರ ಅದಕ್ಕೆ ಗೊತ್ತೇ ಇಲ್ಲ. ಅತಿ ಎತ್ತರದ ಮರದ ಮೇಲೆ 15 ಮೀಟರ್ ಬಿಡಿ, ಅದಕ್ಕಿಂತ ಕಡಿಮೆಗೆ ನಾನು ಒಪ್ಪುವುದಿಲ್ಲ. 12 ಮೀಟರ್ ವ್ಯಾಪ್ತಿಯ ಅಗ್ಗದ ಲೈಡಾರ್ (ಲೇಸರ್‌ನಿಂದ ದೂರ ಅಳೆಯುವ ಸಾಧನ) ಈ ಎತ್ತರದಲ್ಲಿ ಏನನ್ನೂ ಕಾಣದು. ಮಳೆ ಕವಿಯುವಾಗಂತೂ ಹಾರಿಸಬೇಡಿ: ಗಾಳಿಯ ಒತ್ತಡ ಒಂದು ಮಿಲಿಬಾರ್ ಬದಲಾದರೆ ಬ್ಯಾರೋಮೀಟರ್‌ನ ಎತ್ತರ ಸುಮಾರು 9 ಮೀಟರ್ ತಪ್ಪುತ್ತದೆ.

ಹೆಚ್ಚು ಡ್ರೋನ್ ಒಡೆಯುವುದು ಹೋಗುವಾಗ ಅಲ್ಲ, ಮರಳುವಾಗ. ರೇಡಿಯೊ ಸಂಪರ್ಕ ತಪ್ಪಿದರೂ, ಟೆರೇನ್ ಮಾಹಿತಿ ಸಿಗದಿದ್ದರೂ ಡ್ರೋನ್ ಆರ್‌ಟಿಎಲ್‌ಗೆ, ಅಂದರೆ ಮನೆಗೆ ಮರಳುವ ಕ್ರಮಕ್ಕೆ, ಹೋಗುತ್ತದೆ. ಆರ್ಡುಪೈಲಟ್‌ನ ಕಾಪ್ಟರ್ 4.5 ಆವೃತ್ತಿಯಲ್ಲಿ ಆರ್‌ಟಿಎಲ್_ಆಲ್ಟ್, ಅಂದರೆ ಮರಳುವ ಎತ್ತರ, ಮೊದಲಿನಿಂದ ಇರುವುದು 1500 ಸೆಂಟಿಮೀಟರ್, ಬರೀ 15 ಮೀಟರ್! ಏರು 30, ಮರ 30, ಅಂತರ 15 ಸೇರಿಸಿ 7500 ಹಾಕಿ. ಆರ್‌ಟಿಎಲ್_ಆಲ್ಟ್_ಟೈಪ್ 0 (ಮೇಲೆದ್ದ ಜಾಗದಿಂದ ಲೆಕ್ಕ) ಆಗಿಯೇ ಇರಲಿ; ಆಪತ್ತಿನಲ್ಲಿ ನಕ್ಷೆಯನ್ನು ನೆಚ್ಚುವುದು ಬೇಡ. ಫೆನ್ಸ್, ಅಂದರೆ ಡ್ರೋನ್ ದಾಟಬಾರದ ಗಡಿ, ಹಾಕಿದ್ದರೆ ಅದರ ಎತ್ತರದ ಮಿತಿ ಇದಕ್ಕಿಂತ ಹೆಚ್ಚಿರಬೇಕು, ಇಲ್ಲದಿದ್ದರೆ ಮರಳುವ ಎತ್ತರ ತಾನಾಗಿ ತಗ್ಗುತ್ತದೆ.

ಪ್ರಶ್ನೆ: ‘ಕಂಪಾಸ್ ಸರಿಯಿಲ್ಲ’ ಎಂದು ಮೋಟಾರ್ ತಿರುಗಲಿಲ್ಲ. ಅಂಗಡಿಯವರು ಹಾರುವ ಮುಂಚಿನ ತಪಾಸಣೆಯ ಸೆಟ್ಟಿಂಗ್ ಆರ್ಮಿಂಗ್_ಚೆಕ್ ಸೊನ್ನೆ ಮಾಡಿಕೊಟ್ಟರು, ಈಗ ಹಾರುತ್ತಿದೆ. ಸರಿಯೇ?

ಸರಿಯಲ್ಲ, ಆಳುಗಳ ತಲೆಯ ಮೇಲೆ ಆಡುವ ಜೂಜು ಅದು. ಮತ್ತೆ 1 ಮಾಡಿ. ಕಂಪಾಸನ್ನು ಬ್ಯಾಟರಿ ತಂತಿಗಳಿಂದ ದೂರ, ಡ್ರೋನ್‌ನ ಮೇಲೆಯೇ ಪುಟ್ಟ ಕಂಬದ ತುದಿಯಲ್ಲಿ ಕೂರಿಸಿ. ತಗಡಿನ ಮಾಡು, ಜೀಪು ಇಲ್ಲದ ಬಯಲಲ್ಲಿ ಕ್ಯಾಲಿಬ್ರೇಶನ್ ಮಾಡಿ.

ಪ್ರಶ್ನೆ: 915 ಮೆಗಾಹರ್ಟ್ಸ್ ಟೆಲಿಮೆಟ್ರಿ ಆನ್‌ಲೈನ್‌ನಲ್ಲಿ ಅಗ್ಗ. ಕೊಳ್ಳಲೇ?

ಬೇಡ. ನಮ್ಮಲ್ಲಿ ಪರವಾನಗಿ ಬೇಡದ ತರಂಗಾಂತರ ಪಟ್ಟಿ 865ರಿಂದ 868 ಮೆಗಾಹರ್ಟ್ಸ್. ಅದರೊಳಗೆ ಕೆಲಸ ಮಾಡುವ ರೇಡಿಯೊ ಕೊಳ್ಳಿ.