ಕಪ್ಪು ಕಾಟನ್ ಟೀ ಶರ್ಟ್ ಮೇಲೆ ಹಳದಿ-ಕೆಂಪು ಲೋಗೋ ಮಾಸಲು ಕಾಣದ ಹಾಗೆ ಪ್ರಿಂಟ್ ಮಾಡುವುದು ಹೇಗೆ?

ಹಾವೇರಿಯಿಂದ ನೀವು ಕೇಳಿರುವುದು ಇಷ್ಟು. ರಾಜ್ಯೋತ್ಸವಕ್ಕೆ ಸಂಘದ ಹುಡುಗರಿಗೆ ಅರವತ್ತು ಕಪ್ಪು ಕಾಟನ್ ಟೀ ಶರ್ಟ್ ಆಗಬೇಕು. ಎದೆಯ ಮೇಲೆ ಹಳದಿ, ಕೆಂಪು, ಬಿಳಿ ಸೇರಿದ ಲೋಗೋ, ಅದರ ಕೆಳಗೆ ಸಂಘದ ಹೆಸರು. ಬಿಳಿ ಕೈಚೀಲಗಳಿಗೆ ಪ್ರಿಂಟ್ ಮಾಡಿ ಕೈ ಪಳಗಿದೆ. ಆದರೆ ಅದೇ ಬಣ್ಣ ಕಪ್ಪು ಬಟ್ಟೆ ಮೇಲೆ ಎಳೆದರೆ ಹಳದಿ ಪಾಚಿ ಬಣ್ಣಕ್ಕೆ ತಿರುಗುತ್ತದೆ, ಕೆಂಪು ಒಣಗಿದ ಮೇಲೆ ಕಾಣುವುದೇ ಇಲ್ಲ. ಇಂಕ್ ಜಾಸ್ತಿ ಹಾಕಿದರೆ ಸರಿ ಹೋಗುತ್ತಾ ಅಂತ ಕೇಳಿದ್ದೀರಿ.

ಹೋಗುವುದಿಲ್ಲ. ನಾನು ಹುಬ್ಬಳ್ಳಿಯಲ್ಲಿ ಇದೇ ಕೆಲಸ ಮಾಡುತ್ತೇನೆ. ಗಣೇಶ ಚೌತಿ ಮುಗಿಯುತ್ತಿದ್ದ ಹಾಗೆ ಹಳದಿ-ಕೆಂಪು ಆರ್ಡರ್‌ಗಳು ಶುರುವಾಗುತ್ತವೆ. ಬಂದವರೆಲ್ಲ ಹೇಳುವುದೂ ಇದನ್ನೇ: "ಅಣ್ಣಾ, ಬಣ್ಣ ಗಟ್ಟಿ ಹಾಕ್ರಿ, ದೂರದಿಂದ ಕಾಣಬೇಕು." ಕಪ್ಪಿನ ಮೇಲೆ ಬಣ್ಣ ಎದ್ದು ಕಾಣಬೇಕೆಂದರೆ ಅದರ ಕೆಳಗೆ ಬಿಳಿ ಕೂತಿರಬೇಕು. ನಿಮ್ಮ ಕೆಲಸದ ಮುಕ್ಕಾಲು ಪಾಲು ಆ ಬಿಳಿಯೇ. ಅದು ಸರಿಯಾದರೆ ಹಳದಿ, ಕೆಂಪು ಎರಡೂ ತೆಳ್ಳಗೆ ಒಂದೊಂದು ಸಲ ಎಳೆದರೂ ಸಾಕು.

ಕಾರಣ ಸರಳ. ಚೀಲಕ್ಕೆ ಬಳಸುವ ಪಿಗ್ಮೆಂಟ್ ಪೇಸ್ಟ್ ಬೆಳಕನ್ನು ತಡೆಯುವುದಿಲ್ಲ. ಬೆಳಕು ಅದನ್ನು ದಾಟಿ ಬಟ್ಟೆಗೆ ತಾಗುತ್ತದೆ. ಬಿಳಿ ಬಟ್ಟೆಯಾದರೆ ಅದನ್ನು ವಾಪಸ್ ಕಳಿಸುತ್ತದೆ, ನಮಗೆ ಬಣ್ಣ ಕಾಣುತ್ತದೆ. ಕಪ್ಪು ಬಟ್ಟೆ ಬೆಳಕನ್ನು ನುಂಗಿಬಿಡುತ್ತದೆ. ಬಿಳಿ ಇಂಕ್‌ನಲ್ಲಿ ಟೈಟಾನಿಯಂ ಡೈಆಕ್ಸೈಡ್ ಪುಡಿ ಇರುತ್ತದೆ. ಅದು ಬೆಳಕನ್ನು ಬಟ್ಟೆಯ ತನಕ ಹೋಗಲು ಬಿಡದೆ ಮೇಲಿಂದಲೇ ಚದುರಿಸಿ ಕಳಿಸುತ್ತದೆ.

ಬಿಳಿಗೆ ಎರಡು ದಾರಿ ಇವೆ. ಒಂದು ಖಾದಿ ವೈಟ್. ನೀರಿನ ಪೇಸ್ಟ್, ಅಗ್ಗ. ಆದರೆ ಬಿಸಿಲು ಜೋರಿದ್ದಾಗ ಸ್ಕ್ರೀನ್‌ನಲ್ಲೇ, ಅಂದರೆ ಡಿಸೈನ್ ಮೂಡಿಸಿದ ಜಾಲರಿಯಲ್ಲೇ, ಒಣಗಿ ಕಣ್ಣು ಮುಚ್ಚಿಕೊಳ್ಳುತ್ತದೆ. ಫೋನ್ ಬಂತು ಅಂತ ಎರಡು ನಿಮಿಷ ಆಚೆ ಹೋಗಿ ಬಂದರೆ ಅರ್ಧ ಡಿಸೈನ್ ಮಾಯ. ಇನ್ನೊಂದು ಪ್ಲಾಸ್ಟಿಸಾಲ್. ಇದು ಗಾಳಿಗೆ ಒಣಗುವುದೇ ಇಲ್ಲ, ಬಿಸಿ ಕೊಟ್ಟರೆ ಮಾತ್ರ ಗಟ್ಟಿಯಾಗುತ್ತದೆ. ಬೆಲೆ ಜಾಸ್ತಿ, ಬಿಸಿ ಕೊಡಲು ಸಾಮಾನು ಬೇಕು. ಆದರೂ ಮೂರು ಬಣ್ಣದ ಕೆಲಸ ಮೊದಲ ಸಲ ಮಾಡುವವರಿಗೆ ನಾನು ಪ್ಲಾಸ್ಟಿಸಾಲ್ ಅಂತಲೇ ಹೇಳುತ್ತೇನೆ. ಸ್ಕ್ರೀನ್ ಹೊಂದಿಸುತ್ತ ಅರ್ಧ ಗಂಟೆ ಕಳೆದರೂ ಇಂಕ್ ನಿಮಗೋಸ್ಕರ ಕಾಯುತ್ತದೆ. ಮುಂದೆ ಹೇಳುವುದೆಲ್ಲ ಪ್ಲಾಸ್ಟಿಸಾಲ್ ಲೆಕ್ಕದಲ್ಲಿ.

ಇಂಕ್ ಡಬ್ಬಿ ತೆರೆಯುವ ಮೊದಲು ಡಿಸೈನ್ ನೋಡಿ. ನಿಮ್ಮ ಲೋಗೋಗೆ ಮೂರು ಸ್ಕ್ರೀನ್ ಸಾಕು: ಬಿಳಿ ಬೇಸ್, ಹಳದಿ, ಕೆಂಪು. ಲೋಗೋದಲ್ಲಿ ಬಿಳಿ ಇರುವ ಕಡೆ ಬೇಸನ್ನೇ ಹಾಗೆ ಬಿಟ್ಟುಬಿಡಿ. ಕಪ್ಪು ಗೆರೆ ಇರುವ ಕಡೆ ಏನೂ ಪ್ರಿಂಟ್ ಮಾಡಬೇಡಿ, ಶರ್ಟ್‌ನ ಕಪ್ಪೇ ಆ ಕೆಲಸ ಮಾಡುತ್ತದೆ. ಸುಮ್ನೆ ನಾಲ್ಕನೇ ಸ್ಕ್ರೀನ್ ಯಾಕೆ?

ಹಳದಿ, ಕೆಂಪು ಇರುವ ಕಡೆ ಬೇಸ್‌ನ ಹೊರ ಅಂಚನ್ನು ಸುಮಾರು 0.3 ಮಿಲಿಮೀಟರ್ ಒಳಗೆ ಎಳೆದುಕೊಳ್ಳಿ. ಇದಕ್ಕೆ ಚೋಕ್ ಅನ್ನುತ್ತಾರೆ. ಸ್ಕ್ರೀನ್ ಕೂದಲೆಳೆಯಷ್ಟು ಸರಿದರೂ ಬಣ್ಣದ ಸುತ್ತ ಬಿಳಿ ಗೆರೆ ಇಣುಕುವುದಿಲ್ಲ. ಹಳದಿ-ಕೆಂಪು ಕೂಡುವ ಗೆರೆಯಲ್ಲಿ ಚೋಕ್ ಬೇಡ, ಅಲ್ಲಿ ಬೇಸ್ ಅಖಂಡವಾಗಿರಲಿ. ಆ ಗೆರೆಯಲ್ಲಿ ಕೆಂಪನ್ನು ಹಳದಿಯ ಮೇಲೆ ಅಷ್ಟೇ 0.3 ಮಿಲಿಮೀಟರ್ ಹತ್ತಿಸಿ. ಹಳದಿಯ ಮೇಲೆ ಕೂತರೂ ಕೆಂಪು ಕೆಂಪಾಗಿಯೇ ಇರುತ್ತದೆ. ಉಲ್ಟಾ ಮಾಡಿದರೆ ಕೊಳಕು ಕಿತ್ತಳೆ ಪಟ್ಟಿ ಬರುತ್ತದೆ.

ಸಂಘದ ಹೆಸರಿನ ಬಗ್ಗೆ ಒಂದು ಮಾತು. ಅದನ್ನು ಬರೀ ಬಿಳಿಯಲ್ಲಿ, ಬೇಸ್ ಸ್ಕ್ರೀನ್‌ನಲ್ಲೇ ಇಟ್ಟುಬಿಡಿ. ಕನ್ನಡ ಅಕ್ಷರಗಳಲ್ಲಿ ಸುಳಿ, ಒತ್ತು, ತಲೆಕಟ್ಟು ಎಲ್ಲ ಒತ್ತೊತ್ತಾಗಿರುತ್ತವೆ. ಸಣ್ಣ ಅಕ್ಷರಕ್ಕೆ ಚೋಕ್ ಹಾಕಿ ಮೇಲೆ ಹಳದಿ ಕೂರಿಸಲು ಹೋದರೆ ಒತ್ತಿನ ತೆಳು ಗೆರೆಯ ಕೆಳಗೆ ಬಿಳಿಯೇ ಉಳಿಯುವುದಿಲ್ಲ. 'ಧ' ಅಕ್ಷರದ ಕೆಳಗಿನ ಪುಟ್ಟ ಗೀಟು ಉದುರಿದರೆ ಧಾರವಾಡ ಹೋಗಿ 'ದಾರವಾಡ' ಆಗುತ್ತದೆ. ಇಂಕ್ ಹರಡಿದರೆ 'ಷ'ದ ಹೊಟ್ಟೆ ತುಂಬಿಕೊಂಡು ಏನು ಬರೆದಿದೆ ಅಂತಲೇ ತಿಳಿಯುವುದಿಲ್ಲ. ದಪ್ಪ ಫಾಂಟ್ ತಗೊಂಡು, ಅಕ್ಷರಗಳ ನಡುವೆ ಜಾಗ ಸ್ವಲ್ಪ ಬಿಡಿಸಿ. ಗೆರೆಯೂ ಗೆರೆಯ ನಡುವಿನ ಸಂದೂ ಒಂದು ಮಿಲಿಮೀಟರ್‌ಗಿಂತ ಸಣ್ಣದಾಗದಂತೆ ನೋಡಿಕೊಳ್ಳಿ.

ಮೂರೂ ಪಾಸಿಟಿವ್‌ಗಳನ್ನು (ಸ್ಕ್ರೀನ್ ಮೇಲೆ ಡಿಸೈನ್ ಮೂಡಿಸಲು ಬೇಕಾದ ಕಪ್ಪು ನಕಲುಗಳು) ಒಂದೇ ಪ್ರಿಂಟರ್‌ನಲ್ಲಿ, ಒಂದೇ ಸಲ ತೆಗೆಸಿ. ಲೇಸರ್ ಪ್ರಿಂಟರ್‌ನ ಬಿಸಿಗೆ ಟ್ರೇಸಿಂಗ್ ಪೇಪರ್ ಕುಗ್ಗುತ್ತದೆ, ಒಂದೊಂದು ಹಾಳೆ ಒಂದೊಂದು ಥರ. ಆಮೇಲೆ ಎಷ್ಟು ಹೊಂದಿಸಿದರೂ ಒಂದು ಮೂಲೆ ಕೂತರೆ ಇನ್ನೊಂದು ಏಳುತ್ತದೆ. ಆದಷ್ಟು ಫಿಲ್ಮ್ ಮೇಲೆಯೇ ತೆಗೆಸಿ. ಹಾವೇರಿಯಲ್ಲಿ ಸಿಗದಿದ್ದರೆ ಗದಗ ಇದೆಯಲ್ಲ, ಮುದ್ರಣಕ್ಕೇ ಹೆಸರಾದ ಊರು.

ಮೆಶ್, ಅಂದರೆ ಜಾಲರಿಯ ನೇಯ್ಗೆ: ಬೇಸ್‌ಗೆ 43 ಅಥವಾ 55 ಟಿ (ಸೆಂಟಿಮೀಟರಿಗೆ ಅಷ್ಟು ಎಳೆ), ಅಂದರೆ ಇಂಚಿನ ಲೆಕ್ಕದಲ್ಲಿ 110 ಅಥವಾ 140. ಹಳದಿ, ಕೆಂಪಿಗೆ 77 ಟಿ, ಇಂಚಿಗೆ ಸುಮಾರು 195. ಎಮಲ್ಷನ್ (ಬೆಳಕಿಗೆ ಗಟ್ಟಿಯಾಗುವ ಲೇಪ) ಬಳಿದ ಸ್ಕ್ರೀನ್ ಪೂರ್ತಿ ಒಣಗದೆ ಬೆಳಕಿಗೆ ಇಟ್ಟರೆ ತೊಳೆಯುವಾಗ ಡಿಸೈನ್ ಕಿತ್ತು ಬರುತ್ತದೆ. ನಮ್ಮ ಕಡೆ ಮಳೆಗಾಲದ ಥಂಡಿಯಲ್ಲಿ ಇದು ಮಾಮೂಲು. ಫ್ಯಾನ್ ಹಾಕಿ ರಾತ್ರಿಯಿಡೀ ಕತ್ತಲ ಕೋಣೆಯಲ್ಲಿ ಬಿಡಿ.

ಇನ್ನು ಹೊಂದಾಣಿಕೆ, ಅಂದರೆ ಒಂದೊಂದು ಬಣ್ಣವೂ ತನ್ನ ಜಾಗಕ್ಕೆ ಸರಿಯಾಗಿ ಕೂರುವುದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಾಗುವುದು ನಿಮಗೆ ಗೊತ್ತಿರುತ್ತದೆ. ಅಲ್ಲಿ 24 ಗೀಟಿನ ಅಶೋಕ ಚಕ್ರವನ್ನು ಬಟ್ಟೆಯ ಎರಡೂ ಬದಿಗೆ ಪ್ರಿಂಟ್ ಮಾಡುತ್ತಾರೆ, ಈ ಕಡೆಯ ಗೀಟು ಆ ಕಡೆಯ ಗೀಟಿನ ಮೇಲೇ ಕೂರಬೇಕು. ಅಷ್ಟು ಕಟ್ಟುನಿಟ್ಟು ನಿಮಗೆ ಬೇಡ. ಆದರೆ ಶರ್ಟ್ ಒಮ್ಮೆ ಹಲಗೆ ಮೇಲೆ ಕೂತರೆ ಮೂರೂ ಬಣ್ಣ ಮುಗಿಯುವ ತನಕ ಏಳಬಾರದು. ಹಲಗೆಗೆ ಗಮ್ ಹಚ್ಚಿ ಶರ್ಟನ್ನು ಅಂಗೈಯಿಂದ ಒತ್ತಿ ಕೂರಿಸಿ. ಒಂದೇ ಹಿಂಜ್‌ನಲ್ಲಿ ಸ್ಕ್ರೀನ್ ಬದಲಿಸುತ್ತ ಮಾಡುವುದು ಬರೀ ಗೋಳು. ನಾಲ್ಕು ಸ್ಕ್ರೀನ್ ಹಿಡಿಯುವ ನಾಲ್ಕು ಕೈಯ ಮಷಿನ್ ಬಾಡಿಗೆಗೋ ಎರವಲಿಗೋ ಸಿಗುತ್ತಾ ನೋಡಿ. ಇನ್ನೊಂದು ವಿಷಯ: ಕಾಟನ್‌ನಲ್ಲಿ ತೇವ ಇರುತ್ತದೆ, ಮೊದಲ ಬಿಸಿಗೆ ಬಟ್ಟೆ ಸ್ವಲ್ಪ ಕುಗ್ಗುತ್ತದೆ. ಬೇಸ್ ಎಳೆದ ಮೇಲೆ ಕುಗ್ಗಿದರೆ ಹಳದಿ ಸರಿಯಾಗಿ ಕೂರುವುದಿಲ್ಲ. ಅದಕ್ಕೇ ಬೇಸ್ ಎಳೆಯುವ ಮೊದಲೇ ಖಾಲಿ ಶರ್ಟ್‌ಗೆ ಕೆಲವು ಸೆಕೆಂಡ್ ಫ್ಲ್ಯಾಶ್ ಬಿಸಿ (ಹಲಗೆಯ ಮೇಲೆ ಹಿಡಿಯುವ ಹೀಟರ್‌ನ ಬಿಸಿ) ಕೊಟ್ಟುಬಿಡಿ.

ಈಗ ಬಿಳಿ ಎಳೆಯುವುದು. ಡಬ್ಬಿಯಲ್ಲಿ ಇಂಕ್ ಗಟ್ಟಿಯಾಗಿರುತ್ತದೆ. ತೆಳು ಮಾಡಲು ರಿಡ್ಯೂಸರ್ ಸುರಿಯಬೇಡಿ, ಮುಚ್ಚುವ ಶಕ್ತಿಯೇ ಹೋಗುತ್ತದೆ. ಬಲವಾಗಿ ಕದಡುತ್ತ ಹೋದರೆ ತಾನೇ ಸಡಿಲಾಗುತ್ತದೆ. ಸ್ಕ್ರೀನ್‌ಗೂ ಬಟ್ಟೆಗೂ ನಡುವೆ ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ಸಂದು ಬಿಡಿ. ಹೊಸಬರು ಎಲ್ಲರೂ ಸ್ಕ್ವೀಜಿ (ಇಂಕ್ ಎಳೆಯುವ ರಬ್ಬರ್ ಪಟ್ಟಿ) ಮೇಲೆ ಮೈಭಾರ ಹಾಕುತ್ತಾರೆ. ಹಾಗೆ ಒತ್ತಿದರೆ ಇಂಕ್ ಬಟ್ಟೆಯೊಳಗೆ ಇಳಿದು ನೂಲಿನ ಕಪ್ಪು ಮೇಲೆ ಕಾಣುತ್ತದೆ. ಬಿಳಿ ಇಂಕ್ ಬಟ್ಟೆಯ ಮೇಲೆಯೇ ಕೂರಬೇಕು. ಸ್ಕ್ವೀಜಿಯನ್ನು ಹೆಚ್ಚು ಬಗ್ಗಿಸದೆ, ಸ್ಕ್ರೀನ್ ಕಣ್ಣು ಖಾಲಿಯಾಗುವಷ್ಟೇ ಒತ್ತಡದಲ್ಲಿ ಒಂದೇ ಓಟಕ್ಕೆ ಎಳೆಯಿರಿ. ಸ್ಕ್ರೀನ್ ಎತ್ತಿ ಓರೆಯಾಗಿ ನೋಡಿ: ಬೂದು ಛಾಯೆ ಕಂಡರೆ, ಸಣ್ಣ ನೂಲಿನ ಎಳೆಗಳು ಇಂಕ್ ಸೀಳಿಕೊಂಡು ನಿಂತಿದ್ದರೆ ಇನ್ನೊಂದು ಪದರ ಬೇಕು. ಆದರೆ ಹಸಿಯ ಮೇಲೆ ಹಸಿ ಬೇಡ. ಒಮ್ಮೆ ಫ್ಲ್ಯಾಶ್ ಮಾಡಿ, ಸಿಲಿಕಾನ್ ಪೇಪರ್ ಇಟ್ಟು ಒತ್ತಿ ಎಳೆಗಳನ್ನು ಮಲಗಿಸಿ, ಆಮೇಲೆ ಎರಡನೇ ಪದರ ಎಳೆದು ಮತ್ತೆ ಫ್ಲ್ಯಾಶ್.

ಕೆಲಸ ಕೆಡುವುದು ಜಾಸ್ತಿ ಈ ಫ್ಲ್ಯಾಶ್‌ನಲ್ಲೇ. ಬೇಸ್ ಬೆರಳಿಗೆ ಅಂಟಬಾರದು, ಅಷ್ಟೇ. 100ರಿಂದ 115 ಡಿಗ್ರಿ ಆಸುಪಾಸು ಆ ಹಂತ ಬರುತ್ತದೆ, ಸಾಮಾನ್ಯ ಫ್ಲ್ಯಾಶ್‌ನಲ್ಲಿ ಐದರಿಂದ ಹತ್ತು ಸೆಕೆಂಡ್. ಇನ್ನೂ ಸ್ವಲ್ಪ ಇರಲಿ ಅಂತ ಬಿಟ್ಟರೆ ಬೇಸ್ ಪೂರ್ತಿ ಬೆಂದು ಮೇಲಿನ ಬಣ್ಣ ಅದಕ್ಕೆ ಬೆಸೆಯುವುದಿಲ್ಲ. ಆ ದಿನ ಚೆನ್ನಾಗಿಯೇ ಕಾಣುತ್ತದೆ. ನಾಲ್ಕು ಸಲ ಒಗೆದ ಮೇಲೆ ಕೆಂಪು ಸಿಪ್ಪೆಯಂತೆ ಎದ್ದು ಬರುತ್ತದೆ. ಹತ್ತಿಪ್ಪತ್ತು ಶರ್ಟ್ ಆಗುವಷ್ಟರಲ್ಲಿ ಹಲಗೆಯೇ ಕಾದಿರುತ್ತದೆ, ಆಗ ಸೆಕೆಂಡ್ ಕಡಿಮೆ ಮಾಡುತ್ತ ಹೋಗಬೇಕು. ಬೇಸ್ ಸ್ವಲ್ಪ ಆರಲು ಬಿಟ್ಟು ಆಮೇಲೆ ಹಳದಿ ಎಳೆಯಿರಿ, ಇಲ್ಲದಿದ್ದರೆ ಆ ಬಿಸಿಗೆ ಸ್ಕ್ರೀನ್‌ನಲ್ಲೇ ಇಂಕ್ ಗಟ್ಟಿಯಾಗುತ್ತದೆ. ಹಳದಿ ಮೊದಲು, ಕೆಂಪು ಆಮೇಲೆ. ಇವೆರಡರ ನಡುವೆ ಫ್ಲ್ಯಾಶ್ ಬೇಕಿಲ್ಲ. ಹಳದಿ ಇಂಕ್ ಕೆಂಪಿನ ಸ್ಕ್ರೀನ್‌ನ ಅಡಿಗೆ ಅಂಟುತ್ತಿದ್ದರೆ ಮಾತ್ರ ಒಮ್ಮೆ ಕೊಡಿ.

ಕೊನೆಯ ಕ್ಯೂರಿಂಗ್‌ಗೆ, ಅಂದರೆ ಇಂಕ್ ಪೂರ್ತಿ ಬೇಯಿಸುವುದಕ್ಕೆ, ಇಂಕ್‌ನ ತಳದ ಪದರವೂ 160 ಡಿಗ್ರಿ ಮುಟ್ಟಬೇಕು. ಬಿಸಿ ಅಳೆಯುವ ಲೇಸರ್ ಗನ್ ತೋರಿಸುವುದು ಮೇಲ್ಮೈ ಬಿಸಿ ಮಾತ್ರ, ಅದನ್ನೇ ಪೂರ್ತಿ ನಂಬಬೇಡಿ. ಮೂರು ಪದರ ಇರುವುದರಿಂದ ಒಂದು ಬಣ್ಣದ ಕೆಲಸಕ್ಕಿಂತ ಹೆಚ್ಚು ಹೊತ್ತು ಬೇಕು. ಹೀಟ್ ಪ್ರೆಸ್ ಇದ್ದರೆ ಮೊದಲು ತಾಗಿಸದೆ ಮೇಲಿಂದ ಬಿಸಿ ಕೊಟ್ಟು, ಆಮೇಲೆ ಸಿಲಿಕಾನ್ ಪೇಪರ್ ಇಟ್ಟು ಹಗುರಾಗಿ ಒತ್ತಿ. ಮನೆಯ ಇಸ್ತ್ರಿ ಪೆಟ್ಟಿಗೆ ಈ ಕೆಲಸಕ್ಕೆ ಬಾರದು, ಒಂದು ಕಡೆ ಸುಟ್ಟು ಇನ್ನೊಂದು ಕಡೆ ಹಸಿ ಉಳಿಯುತ್ತದೆ. ಆರಿದ ಮೇಲೆ ಪ್ರಿಂಟ್ ಹಿಡಿದು ಎಳೆದು ನೋಡಿ. ಬಿರುಕು ಬಿಟ್ಟು ಹಾಗೇ ಉಳಿದರೆ ಒಳಗೆ ಬೆಂದಿಲ್ಲ. ಒಂದು ಶರ್ಟ್ ಮಾಡಿ, ಒಂದು ದಿನ ಬಿಟ್ಟು, ಬಿಸಿ ನೀರಲ್ಲಿ ನಾಲ್ಕೈದು ಸಲ ಒಗೆದು ನೋಡಿದ ಮೇಲೆ ಉಳಿದದ್ದಕ್ಕೆ ಕೈ ಹಾಕಿ.

ಶರ್ಟ್ ಖರೀದಿ ಮಾಡುವಾಗ ಅಂಗಡಿಯವರು ಕಾಟನ್ ಅಂದಿದ್ದಕ್ಕೆ ಸುಮ್ಮನಾಗಬೇಡಿ. ಪಾಲಿಯೆಸ್ಟರ್ ಬೆರೆತ ಮಾಲೂ ಅದೇ ಹೆಸರಲ್ಲಿ ಬರುತ್ತದೆ. ಒಳಹೊಲಿಗೆಯ ಹತ್ತಿರ ಬಟ್ಟೆಯಿಂದಲೇ ಒಂದು ಎಳೆ ಕಿತ್ತು ಬೆಂಕಿ ತಾಗಿಸಿ. ಹೊಲಿಗೆ ದಾರ ಬೇಡ, ಅದು ಹೆಚ್ಚಾಗಿ ಪಾಲಿಯೆಸ್ಟರ್. ಶುದ್ಧ ಕಾಟನ್ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಇದೆ ಅಂತ ಅರ್ಥ. ಪಾಲಿಯೆಸ್ಟರ್‌ನ ಡೈ ಬಿಸಿಗೆ ಎದ್ದು ಬಿಳಿ ಬೇಸ್‌ನೊಳಗೆ ಹತ್ತುತ್ತದೆ, ಬಿಳಿ ಕೊಳೆ ಬಣ್ಣಕ್ಕೆ ತಿರುಗುತ್ತದೆ.

ಡಿಸ್ಚಾರ್ಜ್ ಪ್ರಿಂಟ್ ಬಗ್ಗೆಯೂ ಕೇಳಿದ್ದಿರಿ. ಬಟ್ಟೆಯ ಕಪ್ಪನ್ನೇ ತೆಗೆದು ಬಣ್ಣ ಕೂರಿಸುವ ವಿಧಾನ ಅದು. ಕೈಗೆ ಮೆತ್ತಗೆ, ನೋಡಲು ಚೆಂದ. ಆದರೆ ವಾಸನೆ, ಹೊಗೆ ವಿಪರೀತ, ಗಾಳಿ ಆಡದ ಕೋಣೆಯಲ್ಲಿ ಮಾಡುವ ಕೆಲಸವಲ್ಲ. ಎಲ್ಲ ಕಪ್ಪು ಡೈ ಒಂದೇ ಥರ ಬಿಡುವುದೂ ಇಲ್ಲ. ಈ ಸಲ ಬೇಡ.

ಹತ್ತೋ ಹದಿನೈದೋ ಶರ್ಟ್ ಆಗಿದ್ದರೆ ಇಷ್ಟೆಲ್ಲ ಬಿಟ್ಟು ಡಿಟಿಎಫ್ (ಫಿಲ್ಮ್ ಮೇಲೆ ಪ್ರಿಂಟ್ ತೆಗೆದು ಬಿಸಿಯಿಂದ ಶರ್ಟ್‌ಗೆ ಅಂಟಿಸುವುದು) ಮಾಡಿಸಿ ಅನ್ನುತ್ತಿದ್ದೆ. ಅರವತ್ತಕ್ಕೆ ಮೂರು ಸ್ಕ್ರೀನ್‌ನ ಖರ್ಚು ಹಂಚಿ ಹೋಗುತ್ತದೆ, ಹಾಗಾಗಿ ಸ್ಕ್ರೀನೇ ಮಾಡಿ. ಹಳೇ ಕಪ್ಪು ಬಟ್ಟೆಯ ತುಂಡುಗಳನ್ನು ಹೊಂದಾಣಿಕೆಗೆ ಇಟ್ಟುಕೊಳ್ಳಿ, ಶರ್ಟ್ ಮೂರ್ನಾಲ್ಕು ಹೆಚ್ಚೇ ತರಿಸಿ. ಎಲ್ಲ ಅಳತೆಯವೂ ಒಂದೇ ಲಾಟ್‌ನವು ಇರಲಿ ಅಂತ ಮೊದಲೇ ಹೇಳಿಬಿಡಿ, ಅಕ್ಟೋಬರ್ ಕೊನೆಗೆ ಹೋದರೆ ಕಪ್ಪು ಎಲ್ ಸೈಜ್ ಸಿಗುವುದು ಕಷ್ಟ.