ಪಕ್ಕದ ಬೆಡ್‌ನಿಂದಲೇ ಸೋಂಕು ಬಂತಾ? ಹೇಗೆ ಪತ್ತೆ ಮಾಡ್ತಾರೆ?

ನಿಮ್ಮ ಪ್ರಶ್ನೆ ಇದು: ಕಲಬುರಗಿಯ ಐಸಿಯುನಲ್ಲಿದ್ದ ನಿಮ್ಮ ಅತ್ತೆಗೂ ಪಕ್ಕದ ಬೆಡ್‌ನ ಸೇಡಂನವರಿಗೂ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟ್‌ನಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಬಂದಿದೆ, ಒಬ್ಬರಿಂದ ಒಬ್ಬರಿಗೆ ಹರಡಿತಾ?

ಬರೀ ರಿಪೋರ್ಟ್ ನೋಡಿ ಹೇಳಲು ಆಗುವುದಿಲ್ಲ. ಕಲಬುರಗಿಗೆ ಬಂದು ‘ಪಾಟೀಲರ ಮನೆ ಎಲ್ಲಿ’ ಎಂದು ಕೇಳಿದ ಹಾಗೆ ಅದು. ಯಾವ ಪಾಟೀಲರು? ಕಲ್ಚರ್‌ನಲ್ಲಿ ಸಿಗುವುದು ಮನೆತನದ ಹೆಸರು, ಜೊತೆಗೆ ಯಾವ ಆ್ಯಂಟಿಬಯೋಟಿಕ್‌ಗೆ ಅದು ಬಗ್ಗುವುದಿಲ್ಲ ಎಂಬುದು, ಅಷ್ಟೇ.

ಜೀನೋಮ್ ಸೀಕ್ವೆನ್ಸಿಂಗ್, ಅಂದರೆ ಡಿಎನ್‌ಎಯ ಅಕ್ಷರಗಳನ್ನೆಲ್ಲ ಓದುವುದು, ಇನ್ನೂ ಒಳಗೆ ಹೋಗುತ್ತದೆ. ಕ್ಲೆಬ್ಸಿಯೆಲ್ಲಾದ ಡಿಎನ್‌ಎಯಲ್ಲಿ ಸುಮಾರು 55 ಲಕ್ಷ ಅಕ್ಷರಗಳಿವೆ. ಬ್ಯಾಕ್ಟೀರಿಯಾ ಒಂದು ಎರಡಾಗುತ್ತಾ ಹೋದಂತೆ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಇಬ್ಬರ ಮಾದರಿಗಳ ನಡುವೆ ಬೆರಳೆಣಿಕೆಯಷ್ಟೇ ವ್ಯತ್ಯಾಸವಿದ್ದರೆ ಹತ್ತಿರದ ನಂಟು. ಸಾವಿರಾರು ಇದ್ದರೆ ಪಕ್ಕದ ಬೆಡ್‌ನವರನ್ನು ಸುಮ್ನೆ ದೂರಿದಂತೆ! ನಂಟಿದ್ದರೂ ಇಬ್ಬರಿಗೂ ಒಂದೇ ಸಿಂಕ್‌ನಿಂದಲೋ ವೆಂಟಿಲೇಟರ್‌ನಿಂದಲೋ ಬಂದಿರಬಹುದು ಅಲ್ವಾ? ಅದಕ್ಕೇ ಯಾರು ಯಾವಾಗ ಯಾವ ಬೆಡ್‌ನಲ್ಲಿದ್ದರು ಎಂಬ ದಾಖಲೆಯೂ ಬೇಕು.

2011ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ (ಎನ್‌ಐಎಚ್) ಆಸ್ಪತ್ರೆಯಲ್ಲಿ ಇದೇ ಕ್ಲೆಬ್ಸಿಯೆಲ್ಲಾ 18 ರೋಗಿಗಳಿಗೆ ಹರಡಿತ್ತು. ಮೊದಲ ರೋಗಿ ಡಿಸ್ಚಾರ್ಜ್ ಆಗಿ ಮೂರು ವಾರದ ಮೇಲೆ ಎರಡನೆಯವರಲ್ಲಿ ಅದು ಸಿಕ್ಕಿತು. ಇಷ್ಟು ಅಂತರ ನೋಡಿದರೆ ಸಂಬಂಧವೇ ಇಲ್ಲ ಅನಿಸುತ್ತದೆ. ಆದರೆ ಮೂಲ ಆ ಮೊದಲ ರೋಗಿಯೇ ಎಂದು ಸೀಕ್ವೆನ್ಸಿಂಗ್ ತೋರಿಸಿತು.

ಒಂದು ತೊಡಕಿದೆ. ಆ್ಯಂಟಿಬಯೋಟಿಕ್‌ಗೆ ಬಗ್ಗದಂತೆ ಮಾಡುವ ಎನ್‌ಡಿಎಂ ಥರದ ಜೀನ್‌ಗಳು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆಯಲ್ಲಿ ಕೂತು ಇ. ಕೋಲಿ ಎಂಬ ಬೇರೆ ಬ್ಯಾಕ್ಟೀರಿಯಾಕ್ಕೂ ಜಿಗಿಯುತ್ತವೆ. ಆಗ ಬ್ಯಾಕ್ಟೀರಿಯಾ ಬೇರೆ, ಜೀನ್ ಮಾತ್ರ ಅದೇ; ಬ್ಯಾಕ್ಟೀರಿಯಾಗಳನ್ನಷ್ಟೇ ಹೋಲಿಸಿದರೆ ಆ ನಂಟು ಕಾಣುವುದಿಲ್ಲ. ಅಂದಹಾಗೆ, ಅತ್ತೆಯ ಚಿಕಿತ್ಸೆಗೆ ಸೀಕ್ವೆನ್ಸಿಂಗ್‌ಗಾಗಿ ಕಾಯಬೇಕಿಲ್ಲ. ಔಷಧ ಆರಿಸಲು ವೈದ್ಯರು ಸಾಮಾನ್ಯವಾಗಿ ನೋಡುವುದು ಕಲ್ಚರ್ ರಿಪೋರ್ಟನ್ನೇ.