ಕತ್ತರಿಸಲಾಗದ ಗಡ್ಡೆಗೆ ಶಾಖದ ಚಿಕಿತ್ಸೆ: ಸಂಪಾದಕರ ಉತ್ತರ

ಲಿವರಿನ ಕ್ಯಾನ್ಸರ್ ಗಡ್ಡೆಯನ್ನು ಸೂಜಿಯ ಮೂಲಕ ಶಾಖ ಕೊಟ್ಟು ನಾಶಪಡಿಸುವ ಚಿಕಿತ್ಸೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ಹಾಸನದ ನಿವೃತ್ತ ಉಪನ್ಯಾಸಕರೊಬ್ಬರು ಆಕ್ಷೇಪ ಬರೆದಿದ್ದಾರೆ. ಅವರ ಭಾವನವರಿಗೆ ಆಪರೇಷನ್ ಸಾಧ್ಯವಿಲ್ಲವೆಂದು ಸರ್ಜನ್ನರು ತಿಳಿಸಿದ್ದಾರಂತೆ. ‘ಸರ್ಜನ್ನರೇ ಕೈಬಿಟ್ಟ ಮೇಲೆ ಸೂಜಿ ಚುಚ್ಚಿ ಸುಡುವುದು ಮನೆಯವರಿಗೆ ಹುಸಿ ಭರವಸೆ ಮಾರಿದಂತಲ್ಲವೇ?’ ಎಂಬುದು ಅವರ ಪ್ರಶ್ನೆ.

ಮಾನ್ಯರೇ, ಉಳಿಯುವ ಲಿವರ್ ಆರೋಗ್ಯವಾಗಿದ್ದು ಗಡ್ಡೆಯನ್ನು ಪೂರ್ತಿ ತೆಗೆಯಲು ಬರುವಂತಿದ್ದರೆ ಶಸ್ತ್ರಚಿಕಿತ್ಸೆ ಗಟ್ಟಿಯಾದ ದಾರಿಯೆಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಸರ್ಜನ್ನರು ಬೇಡವೆನ್ನುವುದು ಎಷ್ಟೋ ಸಲ ಗಡ್ಡೆ ದೊಡ್ಡದೆಂದಲ್ಲ. ಸಿರೋಸಿಸ್ ಎಂಬ ಕಾಯಿಲೆಯಿಂದ ಗಟ್ಟಿಯಾದ ಲಿವರಿನಲ್ಲಿ ಒಂದು ಭಾಗ ತೆಗೆದರೆ ಉಳಿದದ್ದು ದೇಹದ ಭಾರ ಹೊರಲಾರದು ಎಂಬ ಕಾರಣಕ್ಕೆ. ಗಡ್ಡೆ ಅಡಿಕೆಯಷ್ಟೇ ಇದ್ದರೂ ಈ ಮಾತು ಬರಬಹುದು. ಅಂಥವರಿಗಾಗಿಯೇ ಈ ಚಿಕಿತ್ಸೆ ಬೆಳೆದುಬಂದಿದೆ, ಮತ್ತು ಇದು ನಿನ್ನೆ ಮೊನ್ನೆಯದಲ್ಲ: 1990ರ ಸುಮಾರಿಗೆ ಇಟಲಿ ಮತ್ತು ಅಮೆರಿಕದ ಎರಡು ವೈದ್ಯತಂಡಗಳು ಬೇರೆಬೇರೆಯಾಗಿಯೇ ಇದನ್ನು ವರದಿ ಮಾಡಿದವು.

ಅಲ್ಟ್ರಾಸೌಂಡ್ ಅಥವಾ ಸಿ.ಟಿ. ನೋಡುತ್ತಾ ತಜ್ಞರು ಚರ್ಮದ ಮೂಲಕವೇ ಸೂಜಿಯನ್ನು ಗಡ್ಡೆಯ ನಡುವಿಗೆ ಒಯ್ಯುತ್ತಾರೆ. ಅದರ ತುದಿಯಿಂದ ಹರಿಯುವ ರೇಡಿಯೋ ಆವರ್ತನದ ವಿದ್ಯುತ್ತಿನಿಂದ ಸುತ್ತಲಿನ ಅಂಗಾಂಶ ಬಿಸಿಯಾಗಿ, 60 ಡಿಗ್ರಿ ಸೆಲ್ಸಿಯಸ್ ದಾಟಿದಲ್ಲಿ ಜೀವಕೋಶಗಳು ಕೂಡಲೇ ಸಾಯುತ್ತವೆ; 100 ದಾಟಿದರೆ ಅಂಗಾಂಶ ಕರಿಕಾಗಿ ವಿದ್ಯುತ್ತು ಮುಂದೆ ಹರಡುವುದಿಲ್ಲ. ಗಡ್ಡೆಯ ಸುತ್ತ ಅರ್ಧದಿಂದ ಒಂದು ಸೆಂಟಿಮೀಟರ್ ಅಂಚೂ ಸಾಯಬೇಕಾದ್ದರಿಂದ, ಮೂರು ಸೆಂಟಿಮೀಟರ್ ಒಳಗಿನ ಗಡ್ಡೆಗೆ ಇದು ಚೆನ್ನಾಗಿ ಒಗ್ಗುತ್ತದೆ. ಪಕ್ಕದಲ್ಲಿ ದೊಡ್ಡ ರಕ್ತನಾಳವಿದ್ದರೆ ಹರಿಯುವ ರಕ್ತವೇ ಶಾಖವನ್ನು ಒಯ್ದುಬಿಡುತ್ತದೆ. ಅಲ್ಲಿ ಮೈಕ್ರೋವೇವ್ ಅಲೆಗಳಿಂದ ಬಿಸಿ ಮಾಡುವ ಸೂಜಿ ಮೇಲು.

ಈಗ ನಿಮ್ಮ ‘ಹುಸಿ ಭರವಸೆ’ಗೆ ಬರುತ್ತೇನೆ. ದೊಡ್ಡ ಕರುಳಿನ ಕ್ಯಾನ್ಸರ್ ಲಿವರಿಗೆ ಹರಡಿ, ಕತ್ತರಿಸಲಾಗದೆಂದು ತೀರ್ಮಾನವಾಗಿದ್ದ 119 ರೋಗಿಗಳ ಮೇಲೆ ಯುರೋಪಿನಲ್ಲಿ ಒಂದು ಅಧ್ಯಯನ ನಡೆಯಿತು. ಒಂದು ಗುಂಪಿಗೆ ಕೀಮೋ ಮಾತ್ರ; ಇನ್ನೊಂದಕ್ಕೆ ಕೀಮೋ ಜೊತೆ ಶಾಖ ಚಿಕಿತ್ಸೆ, ಕೆಲವರಿಗೆ ತೆಗೆಯಬಹುದಾದ ಗಡ್ಡೆಗಳ ಶಸ್ತ್ರಚಿಕಿತ್ಸೆಯೂ ಸೇರಿ. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎಂಟು ವರ್ಷಗಳ ನಂತರ ಬದುಕಿದ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು 9, ಎರಡನೆಯದರಲ್ಲಿ ಸುಮಾರು 36. ಅಧ್ಯಯನ ಚಿಕ್ಕದು, ನಿಜ. ಆದರೂ ಈ ಅಂತರವನ್ನು ಹುಸಿಯೆನ್ನಲು ನನಗೆ ಮನಸ್ಸು ಬಾರದು, ಪಾಠ ಹೇಳಿದ ನಿಮ್ಮಂಥವರಿಗೂ ಬರಬಾರದು.

ನಮ್ಮ ಕರಡು ತಿದ್ದುವ ಸಹೋದ್ಯೋಗಿಯ ತಾಯಿಗೆ ಸಿರೋಸಿಸ್ ಇತ್ತು. ತಪ್ಪದೆ ಮಾಡಿಸುತ್ತಿದ್ದ ಸ್ಕ್ಯಾನಿಂಗ್‌ನಲ್ಲಿ ಚಿಕ್ಕ ಗಡ್ಡೆ ಕಂಡಿತು, ಸೂಜಿಯಿಂದ ಸುಟ್ಟರು. ಕೆಲ ಕಾಲದ ಮೇಲೆ ಮತ್ತೊಂದು ಹುಟ್ಟಿದಾಗ ಅದನ್ನೂ ಸುಟ್ಟರು. ಮತ್ತೆ ಮತ್ತೆ ಮಾಡಲು ಬರುವುದು ಈ ಚಿಕಿತ್ಸೆಯ ದೊಡ್ಡ ಗುಣ, ಏಕೆಂದರೆ ಸಿರೋಸಿಸ್ ಇರುವ ಲಿವರಿನಲ್ಲಿ ಹೊಸ ಗಡ್ಡೆ ಹುಟ್ಟುವುದು ಅಪರೂಪವಲ್ಲ. ನನಗೆ ಪರಿಚಯದ ಇನ್ನೊಂದು ಮನೆಯವರು, ಆಪರೇಷನ್ ಆಗದೆಂಬ ಮಾತು ಕೇಳಿದ್ದೇ ಊರಿಗೆ ಮರಳಿ, ಯಾರೋ ಹೇಳಿದ ಕಷಾಯದಲ್ಲಿ ತಿಂಗಳುಗಳನ್ನು ಕಳೆದರು. ಕೊನೆಗೆ ರೇಡಿಯಾಲಜಿ ತಜ್ಞರ ಬಳಿ ಹೋದಾಗ ಗಡ್ಡೆ ಸೂಜಿಯ ಅಳವನ್ನು ಮೀರಿತ್ತು.

ನನ್ನ ಸಿಟ್ಟು ಇರುವುದು ಇಲ್ಲಿಯೇ. ಸಿರೋಸಿಸ್ ಇರುವವರು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಬೇಕೆಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಈ ಮಾತು ನಮ್ಮ ತಾಲ್ಲೂಕುಗಳ ಎಷ್ಟು ರೋಗಿಗಳ ಕಿವಿಗೆ ಬಿದ್ದಿದೆ? ಕಾಮಾಲೆಗೆ ಔಷಧಿ ಕೊಡುವವರ ವಿಳಾಸ ಊರೂರಿಗೂ ಗೊತ್ತು. ಇಮೇಜ್ ನೋಡುತ್ತಾ ಸೂಜಿ ಹಾಕುವ ತಜ್ಞರು ಇದ್ದಾರೆಂಬುದೇ ಗೊತ್ತಿಲ್ಲ. ಪತ್ರಿಕೆಗಳಾದ ನಾವು ಕೂಡ ರೋಬೋಟ್ ಶಸ್ತ್ರಚಿಕಿತ್ಸೆಗೆ ಪುಟ ಬಿಟ್ಟುಕೊಟ್ಟಷ್ಟು ಸುಲಭವಾಗಿ ಇದಕ್ಕೆ ಅಂಕಣ ಕೊಡುವುದಿಲ್ಲ.

ನಿಮ್ಮ ಭಾವನವರ ಗಡ್ಡೆ ಎಷ್ಟಿದೆ, ಎಲ್ಲಿದೆ ಎಂಬುದು ಪತ್ರದಲ್ಲಿಲ್ಲ. ದಯವಿಟ್ಟು ಅವರ ಸಿ.ಟಿ.ಯ ಸಿ.ಡಿ.ಯನ್ನೂ ರಕ್ತಪರೀಕ್ಷೆಯ ವರದಿಗಳನ್ನೂ ಈ ವಾರವೇ ಒಬ್ಬ ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟರಿಗೆ, ಅಂದರೆ ಇಮೇಜ್ ನೋಡುತ್ತಾ ಸೂಜಿ ಹಾಕುವ ಆ ತಜ್ಞರಿಗೆ, ತೋರಿಸಿ. ಆಗದೆಂದು ಅವರೂ ಹೇಳಬಹುದು. ಹೇಳಿದರೆ ಕಾರಣವನ್ನು ಬರೆಸಿಕೊಂಡು ಬನ್ನಿ.